ನಾಲ್ಕು ಪೌಂಡಿನ ನೈಲಾನ್ ಕೋವಿ

ನಾನು ಬೇಟೆಗಾರ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಬಾಗಿಲು ಹೆಚ್ಚೂಕಮ್ಮಿ ಮುಚ್ಚಿಯೇ ಹೋಯ್ತು. ಆದ್ರೆ ಹಳೇ ಯಂತ್ರಗಳ ಕತೆ ಹುಡುಕಿ ಓದೋ ಹುಚ್ಚು ನನಗಿದೆ. ಹಾಗೆ ಓದುವಾಗ ಸಿಕ್ಕಿದ್ದು ಅಮೆರಿಕದ ಒಂದು ಕೋವಿ, ರೆಮಿಂಗ್ಟನ್ ನೈಲಾನ್ 66.

ಮೊದಲು ಅದರ ತೋಟಾ ನೋಡೋಣ. ಹೆಸರು ಪಾಯಿಂಟ್ 22 ಲಾಂಗ್ ರೈಫಲ್, ಹುಟ್ಟಿದ್ದು 1887ರಲ್ಲಿ. ಇದು ರಿಮ್‌ಫೈರ್ ಜಾತಿ. ಅಂದ್ರೆ ಕಿಡಿ ಹೊತ್ತಿಸುವ ಮದ್ದು ತೋಟಾದ ತಳದ ಅಂಚಿನೊಳಗೇ ಇರುತ್ತೆ. ಸೂಜಿ ಆ ಅಂಚನ್ನು ಜಜ್ಜಬೇಕು, ಅದಕ್ಕೆ ತಗಡು ತೆಳ್ಳಗಿರಬೇಕು. ತೆಳು ತಗಡು ಹೆಚ್ಚು ಒತ್ತಡ ತಡೆಯಲ್ಲ. ಹಾಗಾಗಿ ಶಕ್ತಿ ಕಮ್ಮಿ, ಬೆಲೆ ಕಮ್ಮಿ, ಭುಜಕ್ಕೆ ಬೀಳುವ ಒದೆತವೂ ಕಮ್ಮಿ. ಸುಮಾರು ಎರಡೂವರೆ ಗ್ರಾಂ ಗುಂಡು. ಅಳಿಲು, ಮೊಲಕ್ಕೆ ಅಷ್ಟು ಸಾಕು.

ಒದೆತ ಕಮ್ಮಿ ಇದ್ರೆ ಕೋವಿಯನ್ನೂ ಹಗುರ ಮಾಡಬಹುದು. ದಿನವಿಡೀ ಕಾಡು ಸುತ್ತುವವನಿಗೆ ಅದು ದೊಡ್ಡ ಲಾಭ. ಆದ್ರೆ ಗುರಿ ಹಿಡಿದಾಗ ಹಗುರ ಕೋವಿ ಉಸಿರಾಟಕ್ಕೂ ಅಲುಗುತ್ತೆ. ಭಾರದ್ದು ನೆಟ್ಟಗೆ ನಿಲ್ಲುತ್ತೆ. ಇಷ್ಟು ಪುಟ್ಟ ಗುಂಡು ಒಂದಿಂಚು ಆಚೀಚೆ ಆದ್ರೂ ಪ್ರಾಣಿ ಗಾಯಗೊಂಡು ಪೊದೆ ಸೇರಿ ನರಳಿ ಸಾಯುತ್ತೆ. ಹಗುರದ ಬೆಲೆ ತೆರುವವರು ಇಬ್ಬರು.

1950ರ ದಶಕದಲ್ಲಿ ರೆಮಿಂಗ್ಟನ್‌ಗೆ ಬೇರೆಯದೇ ತಲೆನೋವು. ವಾಲ್‌ನಟ್ ಮರ ಕೆತ್ತೋದು, ಉಕ್ಕು ಕೊರೆಯೋದು ದುಬಾರಿ. ಕಂಪನಿಯ ಒಡೆತನ ಇದ್ದದ್ದು ನೈಲಾನ್ ಕಂಡುಹಿಡಿದ ಡುಪಾಂಟ್ ಕೈಯಲ್ಲಿ! ಅಲ್ಲಿಂದ ಝೈಟೆಲ್ ಅನ್ನುವ ಗಟ್ಟಿ ನೈಲಾನ್ ಬಂತು. 1959ರಲ್ಲಿ ಕೋವಿ ಅಂಗಡಿಗೆ ಬಂದಾಗ ತೂಕ ಬರೀ 4 ಪೌಂಡ್, ನಮ್ಮ ಲೆಕ್ಕದಲ್ಲಿ 1.8 ಕೆ.ಜಿ. ಆಸುಪಾಸು. ಭುಜಕ್ಕೆ ಆನಿಸುವ ಭಾಗ ಅಷ್ಟೇ ಅಲ್ಲ, ಉಕ್ಕಿನ ಬೋಲ್ಟ್ ಜಾರುವ ದಾರಿಯೂ ನೈಲಾನೇ. ಎಣ್ಣೆ ಬೇಕಿರಲಿಲ್ಲ. ಎಣ್ಣೆ ಗಟ್ಟಿಯಾಗುವ ಚಳಿ ನಾಡಿನವರಿಗೆ ಇದು ವರವಾಯ್ತು.

ಪ್ಲಾಸ್ಟಿಕ್ ಕೋವಿ ಅಂದ್ರೆ ನಂಬೋರು ಯಾರು? ಕಂಪನಿಯ ಗುರಿಕಾರ ಟಾಮ್ ಫ್ರೈ ಅದೇ ವರ್ಷ ಗಾಳಿಗೆ ಎಸೆದ 1,00,010 ಮರದ ತುಂಡುಗಳಿಗೆ ಗುಂಡು ಹೊಡೆದ. ತಪ್ಪಿದ್ದು ಆರು! ಮುಂದೆ ಹತ್ತು ಲಕ್ಷಕ್ಕೂ ಹೆಚ್ಚು ಕೋವಿ ತಯಾರಾದವು.

ನನಗನ್ನಿಸೋದು ಇಷ್ಟು. ಫ್ರೈ ಸಾಬೀತು ಮಾಡಿದ್ದು ನೈಲಾನ್ ಕೈಕೊಡಲ್ಲ ಅನ್ನೋದನ್ನ. ಬೆಳಗ್ಗಿಂದ ನಡೆದು ಸುಸ್ತಾದ ಸಾಮಾನ್ಯ ಬೇಟೆಗಾರನ ಕೈ ನಡುಗಲ್ಲ ಅಂತ ಅವನೂ ಸಾಬೀತು ಮಾಡಿರಲಿಲ್ಲ. 1964ರಲ್ಲಿ ಬಂದ ರೂಗರ್ 10/22 ಸುಮಾರು ಒಂದು ಪೌಂಡ್ ಹೆಚ್ಚು ತೂಗುತ್ತಿತ್ತು, ಮೈಯೂ ಮರದ್ದೇ. ನೈಲಾನ್ 66ರ ತಯಾರಿಕೆ 1980ರ ದಶಕದ ಕೊನೆಗೆ ನಿಂತುಹೋಯ್ತು. ರೂಗರ್ ಇವತ್ತಿಗೂ ತಯಾರಾಗ್ತಿದೆ, ಆದ್ರೆ ಈಗ ಅದರಲ್ಲೂ ಪ್ಲಾಸ್ಟಿಕ್ ಮೈಯದ್ದು ಸಿಗುತ್ತೆ. ಯಾರೂ ಹುಬ್ಬೇರಿಸಲ್ಲ.