ಸೊಳ್ಳೆ ಪಡೆಯ ಕಾಲದ ಆಲ್ಕೈ ಕಡಲತೀರ

ಕಳೆದ ಬೇಸಿಗೆಯಲ್ಲಿ ನಮ್ಮ ಸಂಘದ ನಾಲ್ಕಾರು ಸಂಸಾರಗಳು ಆಲ್ಕೈ ತೀರದಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದೆವು. ಅಂದು ಕಡಲು ಬಹಳ ಇಳಿದಿತ್ತು. ಡುವಾಮಿಶ್ ಹೆಡ್ ಕಡೆಗೆ ಅಡ್ಡಾಡಲು ಹೋದ ಮಕ್ಕಳು, ಕೆಸರಿನಿಂದ ತಲೆಯೆತ್ತಿದ್ದ ಮೋಟು ಮರದ ಕಂಬಗಳನ್ನು ಕಂಡು "ಇದೇನು?" ಎಂದು ಕೇಳಿದರು. ನನಗೆ ತಿಳಿದಿರಲಿಲ್ಲ. ಉತ್ತರ ಹುಡುಕುತ್ತ ಹೋದವನಿಗೆ ಹಳೆಯ ಛಾಯಾಚಿತ್ರಗಳ ಗೀಳು ಹತ್ತಿತು.

ಅವು ಲೂನಾ ಪಾರ್ಕಿನ ಕಂಬಗಳು. ಮೆರ್ರಿ-ಗೋ-ರೌಂಡ್ ಕೆತ್ತನೆಯಲ್ಲಿ ಹೆಸರಾಗಿದ್ದ ಚಾರ್ಲ್ಸ್ ಲೂಫ್ ಎಂಬಾತ, ನೀರಿನಲ್ಲೇ ಕಂಬ ಹುಗಿದು, ಅದರ ಮೇಲೆ ಒಂದು ಜಾತ್ರೆಯನ್ನೇ ಕಟ್ಟಿ 1907ರ ಜೂನ್ 27ರಂದು ಬಾಗಿಲು ತೆರೆದ. ಪೇಟೆಯ ಜನ ಟ್ರಾಮಿನಲ್ಲಿ ಬಂದರು, ಸ್ಟೀಮರಿನಲ್ಲೂ ಬಂದರು. ಪೇಟೆಗೂ ವೆಸ್ಟ್ ಸಿಯಾಟಲ್‌ಗೂ ನಡುವೆ 'ಸಿಟಿ ಆಫ್ ಸಿಯಾಟಲ್' ಎಂಬ ಫೆರ್ರಿ 1888ರಿಂದಲೇ ಓಡಾಡುತ್ತಿತ್ತು. ರಸ್ತೆಗಳಿಲ್ಲದ ಆ ದಿನಗಳಲ್ಲಿ ಪ್ಯೂಜೆಟ್ ಸೌಂಡಿನ ಊರೂರಿಗೂ ಸಣ್ಣ ಉಗಿಹಡಗುಗಳೇ ಗತಿ. ಎಲ್ಲಿ ನೋಡಿದರೂ ಅವೇ ಮುತ್ತಿಕೊಂಡಿರುತ್ತಿದ್ದವಾದ್ದರಿಂದ ಅವಕ್ಕೆ 'ಸೊಳ್ಳೆ ಪಡೆ' ಎಂದು ಹೆಸರು!

ನನ್ನ ಅಜ್ಜಿ ಕುಮಟೆಯವರು. ಬೊಂಬಾಯಿಗೆ ಹೋಗಲು ದೋಣಿಯಲ್ಲಿ ಕೂತು, ದೂರದಲ್ಲಿ ನಿಂತ ಸ್ಟೀಮರನ್ನು ಜೀವ ಕೈಯಲ್ಲಿ ಹಿಡಿದು ಹತ್ತುತ್ತಿದ್ದರಂತೆ. ಮಳೆಗಾಲ ಬಂತೆಂದರೆ ಅದೂ ಬಂದ್. ಮೋಜಿಗಾಗಿ ಸ್ಟೀಮರ್ ಹತ್ತುವವರಿದ್ದರೆಂದು ಹೇಳಿದ್ದರೆ ಅವರು ನಂಬುತ್ತಿರಲಿಲ್ಲ.

ಇನ್ನು ಚಿತ್ರಗಳ ವಿಷಯ. ಇದರಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರುತ್ತದೆ, ಕ್ಷಮಿಸಬೇಕು. ಆಗಿನ ಗಾಜಿನ ಫಲಕಗಳ ಮೇಲೆ ಜೆಲಟಿನ್‌ನಲ್ಲಿ ಬೆರೆಸಿದ ಸಿಲ್ವರ್ ಬ್ರೋಮೈಡ್ ಲೇಪವಿರುತ್ತಿತ್ತು. ಅದಕ್ಕೆ ನೀಲಿ ಬೆಳಕೆಂದರೆ ಬಲು ಚುರುಕು, ಕೆಂಪಿಗೆ ಕುರುಡು. ಆದ್ದರಿಂದ ಆಕಾಶವೆಲ್ಲ ಬೆಳ್ಳಗೆ, ಮೋಡ ಕಾಣುವುದೇ ಅಪರೂಪ. ಸಿಯಾಟಲ್‌ನಲ್ಲಿ! ಕೆಂಪು ರಿಬ್ಬನ್ ಕಟ್ಟಿದ ಹುಡುಗಿ ಕಪ್ಪು ರಿಬ್ಬನ್ ಕಟ್ಟಿದಂತೆ ಕಾಣುತ್ತಾಳೆ. ಬಣ್ಣದ ಪೋಸ್ಟ್‌ಕಾರ್ಡುಗಳನ್ನಂತೂ ನಂಬಲೇಬೇಡಿ, ಅವುಗಳ ಬಣ್ಣ ಅಚ್ಚುಕೂಟದವರು ಹಚ್ಚಿದ್ದು. ರಾತ್ರಿಯ ಚಿತ್ರಕ್ಕೆ ಬಹಳ ಹೊತ್ತು ಮುಚ್ಚಳ ತೆರೆದಿಡಬೇಕಾಗಿತ್ತು. ದೀಪಗಳು ಉಳಿಯುತ್ತಿದ್ದವು, ನಡೆದಾಡಿದ ಜನ ಮಾಯವಾಗುತ್ತಿದ್ದರು.

ಕ್ಯಾಮೆರಾಕ್ಕೆ ಹೀಗೆ ತಪ್ಪಿಹೋದವರ ನಡುವೆ ಒಬ್ಬಾಕೆ ಸಿಕ್ಕಿದ್ದಾಳೆ. ಲೂನಾ ಪಾರ್ಕಿಗೂ ಹತ್ತು ವರ್ಷ ಹಿಂದಿನ ಮಾತು. ಈ ಊರಿಗೆ ತನ್ನ ಹೆಸರನ್ನೇ ಕೊಟ್ಟ ಮುಖಂಡ ಸಿಯಾಟಲ್‌ನ ಮಗಳು ಆಂಜೆಲಿನ್, ಮುಪ್ಪಿನಲ್ಲಿ ಇದೇ ಕೊಲ್ಲಿಯ ದಂಡೆಯಲ್ಲಿ ಚಿಪ್ಪು ಆರಿಸಿ ಬದುಕುತ್ತಿದ್ದಳು. ಎಡ್ವರ್ಡ್ ಕರ್ಟಿಸ್ ಅವಳ ಚಿತ್ರ ತೆಗೆದ, ಒಂದೊಂದಕ್ಕೆ ಒಂದು ಡಾಲರ್ ಕೊಟ್ಟು. ಮೂಲನಿವಾಸಿಗಳು ಊರೊಳಗೆ ವಾಸಿಸಕೂಡದೆಂದು 1865ರಲ್ಲಿ ಕಾಯಿದೆಯಾಗಿತ್ತು. ಆಕೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. 1896ರಲ್ಲಿ ತೀರಿಕೊಂಡಳು. ಟೋಪಿ ತೊಟ್ಟ ಸೊಗಸುಗಾರರ ಚಿತ್ರಗಳನ್ನು ನೋಡುವಾಗ ಆ ಸುಕ್ಕುಗಟ್ಟಿದ ಮುಖ ನನ್ನ ಕಣ್ಣ ಮುಂದೆ ಬರುತ್ತದೆ. ನಾವೂ ಈ ನೆಲಕ್ಕೆ ತಡವಾಗಿ ಬಂದವರೇ ತಾನೆ.

ಪಾರ್ಕು ಬಾಳಿದ್ದು ಆರೇ ವರ್ಷ. ಅಲ್ಲಿನ ಬಾರಿನ ಬಗ್ಗೆ, ನೃತ್ಯದ ಬಗ್ಗೆ ಸಭ್ಯಸ್ಥರ ದೂರುಗಳೆದ್ದವು. 1913ರಲ್ಲಿ ಬಾಗಿಲು ಹಾಕಿತು. ಇತ್ತ ಆಲ್ಕೈಯಲ್ಲಿ ನಗರದವರೇ 1911ರಲ್ಲಿ ಸ್ನಾನಗೃಹ ಕಟ್ಟಿಸಿದ್ದರು. ಲೂನಾ ಪಾರ್ಕಿನ ಈಜುಕೊಳ ಮಾತ್ರ ಉಳಿದು, 1931ರಲ್ಲಿ ಬೆಂಕಿಗೆ ಆಹುತಿಯಾಯಿತು. ಮರದ ಕುದುರೆಗಳು ಆಯುಷ್ಯವಂತವು: ಲೂಫನ ಆ ಮೆರ್ರಿ-ಗೋ-ರೌಂಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ.

ಸೊಳ್ಳೆ ಪಡೆಯಲ್ಲೂ ಒಂದು ಉಳಿದಿದೆ. 1922ರಲ್ಲಿ ಕಟ್ಟಿದ 'ವರ್ಜೀನಿಯಾ ಫೈವ್' ಲೇಕ್ ಯೂನಿಯನ್ನಿನಲ್ಲಿ ನಿಂತಿದೆ, ಮಕ್ಕಳಿಗೆ ತೋರಿಸಿ. ಕಂಬಗಳನ್ನು ನೋಡಬೇಕೆಂದರೆ ಮಾತ್ರ ಉಬ್ಬರವಿಳಿತದ ಪಟ್ಟಿ ನೋಡಿಕೊಂಡು, ನೀರು ತೀರ ಇಳಿಯುವ ದಿನ ಹೊರಡಿ. ಹಳೆಯ ಚಪ್ಪಲಿ ಹಾಕಿಕೊಳ್ಳಿ, ಕೆಸರು ಬಹಳ.