ಶಾಲೆಯ ಹೆಸರಿನಲ್ಲಿ ಬರುವ ಗಾಳ: ಪೋಷಕರೂ ಶಿಕ್ಷಕರೂ ತಿಳಿದಿರಬೇಕಾದದ್ದು

ನಂಬಿಕಸ್ಥರ ಅಥವಾ ಸಂಸ್ಥೆಯ ಹೆಸರು ಹೇಳಿಕೊಂಡು ಸಂದೇಶ ಕಳುಹಿಸಿ, ಜನರಿಂದಲೇ ಒಟಿಪಿ, ಪಿನ್, ಪಾಸ್‌ವರ್ಡ್ ಪಡೆದು ಹಣ ದೋಚುವುದಕ್ಕೆ 'ಫಿಶಿಂಗ್' ಎನ್ನುತ್ತಾರೆ. ಗಾಳ ಹಾಕುವವನು ಮೀನಿಗೆ ಎರೆಹುಳು ತೋರಿಸುತ್ತಾನೆ, ಕೊಕ್ಕೆ ತೋರಿಸುವುದಿಲ್ಲ. ಶಾಲಾ ಮಕ್ಕಳ ಮನೆಗಳಿಗೆ ಎಸೆಯುವ ಎರೆ ಬಹುಪಾಲು ವಿದ್ಯಾರ್ಥಿವೇತನದ್ದು.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಗಮನದಲ್ಲಿಟ್ಟು ಇದನ್ನು ಬರೆಯುತ್ತಿದ್ದೇವೆ. 'ಮೇಷ್ಟ್ರು ಹೇಳಿದರು' ಎಂದರೆ ಈ ಭಾಗದ ಹಳ್ಳಿಗಳಲ್ಲಿ ಎರಡನೇ ಮಾತಿಲ್ಲ. ವಂಚಕನಿಗೆ ಬೇಕಾದದ್ದೂ ಆ ನಂಬಿಕೆಯೇ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಪೋಡುಗಳಲ್ಲಾಗಲಿ, ತಮಿಳು ಮನೆಮಾತಿನವರಿರುವ ಮಾರ್ಟಳ್ಳಿಯಲ್ಲಾಗಲಿ, ಫೋನಿಗೆ ಬಂದದ್ದನ್ನು ಮಕ್ಕಳೇ ಓದಿ ಹೇಳಬೇಕಾದ ಮನೆಗಳಿವೆ. ಅಲ್ಲಿ ಗಾಳಕ್ಕೆ ಮೊದಲು ಎದುರಾಗುವುದು ಮಗುವೇ.

ಗುರುತಿಸುವುದು ಹೇಗೆ?

1. 'ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ' ಎಂಬ ಕರೆ. ರಾಜ್ಯದ ಎಸ್‌ಎಸ್‌ಪಿ ಮೂಲಕ ಮಂಜೂರಾದ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಬರುತ್ತದೆ. ಅರ್ಜಿ ಹಾಕುವಾಗ ನೀವೇ ಒಟಿಪಿ ನಮೂದಿಸಬೇಕಾಗಬಹುದು. ಫೋನಿನಲ್ಲಿ ಕೇಳಿದವರಿಗೆ ಹೇಳಬಾರದು.

2. 'ಹಣ ಪಡೆಯಲು ಯುಪಿಐ ಪಿನ್ ಒತ್ತಿ' ಎಂಬ ಸೂಚನೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ; ಪಡೆಯುವುದಕ್ಕೆ ಬೇಡ.

3. 'ಫಲಿತಾಂಶ ನೋಡಿ' ಎಂದು ವಾಟ್ಸಾಪಿನಲ್ಲಿ ಬರುವ ಎಪಿಕೆ ಕಡತ. ಅದನ್ನು ಅಳವಡಿಸಿ ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟರೆ ಅದು ನಿಮ್ಮ ಎಸ್‌ಎಂಎಸ್‌ಗಳನ್ನು ಓದಬಲ್ಲದು. ಆಗ ನೀವು ಒಟಿಪಿಯನ್ನು ಯಾರಿಗೂ ಹೇಳದಿದ್ದರೂ ಅದು ಕಳ್ಳನ ಕೈ ಸೇರುತ್ತದೆ.

4. ಮುಖ್ಯ ಶಿಕ್ಷಕರ ಭಾವಚಿತ್ರವಿರುವ ಹೊಸ ನಂಬರಿನಿಂದ 'ತುರ್ತಾಗಿ ಹಣ ಬೇಕು' ಎಂಬ ಸಂದೇಶ. ಭಾವಚಿತ್ರವನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ದೊಡ್ಡ ಸಂಸ್ಥೆಗಳ ಹೆಸರೂ ಇದರಿಂದ ಹೊರತಲ್ಲ: 2024ರ ಫೆಬ್ರವರಿಯಲ್ಲಿ ಸಿಬಿಎಸ್‌ಇ ತನ್ನ ಹೆಸರು ಬಳಸುತ್ತಿದ್ದ ನಕಲಿ ಎಕ್ಸ್ ಖಾತೆಗಳ ಪಟ್ಟಿಯನ್ನೇ ಪ್ರಕಟಿಸಬೇಕಾಯಿತು.

ಇವೆಲ್ಲಕ್ಕೂ ಮದ್ದು ಒಂದೇ. ಸಂದೇಶದಲ್ಲಿರುವ ನಂಬರಿಗೆ ಕರೆ ಮಾಡದೆ, ಶಾಲೆಯ ಡೈರಿಯಲ್ಲಿ ಮೊದಲೇ ಇರುವ ನಂಬರಿಗೆ ಕರೆ ಮಾಡಿ ಕೇಳಿ. ಇಲ್ಲವೇ ಶಾಲೆಗೇ ಹೋಗಿ ವಿಚಾರಿಸಿ.

ಶಾಲೆ ಏನು ಮಾಡಬೇಕು?

ಶುಲ್ಕ ಕಟ್ಟುವ ಖಾತೆ ಯಾವುದು, ಶಾಲೆಯಿಂದ ಕರೆ ಬರುವ ನಂಬರು ಯಾವುದು ಎಂಬುದನ್ನು ವರ್ಷಾರಂಭದಲ್ಲೇ ಅಚ್ಚು ಹಾಕಿಸಿ ಕೊಡಬೇಕು. ಸೂಚನಾ ಫಲಕದಲ್ಲೂ ಹಾಕಬೇಕು. ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಮಾಡಿ, ಅವರ ಫೋನುಗಳಲ್ಲಿ 'ಎರಡು ಹಂತದ ಪರಿಶೀಲನೆ'ಯನ್ನು ಚಾಲನೆಯಲ್ಲಿಡಬೇಕು. ಮಕ್ಕಳ ಜನ್ಮದಿನಾಂಕ, ಆಧಾರ್, ಪಾಸ್‌ಬುಕ್ ಪ್ರತಿಗಳು ಗುಂಪಿನಲ್ಲಿ ಓಡಾಡಬಾರದು; ಮಗುವಿನ ಹೆಸರು, ತರಗತಿ ಸರಿಯಾಗಿ ಹೇಳುವ ವಂಚಕನನ್ನು ಯಾವ ತಾಯಿಯೂ ಸುಲಭವಾಗಿ ಅನುಮಾನಿಸಲಾರಳು. ಪೋಷಕರ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಟ್ಟು, ಅಗತ್ಯವಿದ್ದಲ್ಲಿ ತಮಿಳಿನಲ್ಲೂ ವಿವರಿಸಬೇಕು.

ಹಣ ಹೋಗಿಬಿಟ್ಟರೆ?

ತಕ್ಷಣ 1930ಕ್ಕೆ ಕರೆ ಮಾಡಿ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ವೇಗವಾಗಿ ದಾಟಿಸುತ್ತಾರೆ. ಅವರು ತೆಗೆದುಕೊಳ್ಳುವ ಮೊದಲೇ ಬ್ಯಾಂಕುಗಳ ಮೂಲಕ ಅದನ್ನು ತಡೆಹಿಡಿಸುವುದು ಈ ಸಹಾಯವಾಣಿಯ ಕೆಲಸ. ನಿಮ್ಮ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಗ್ರಾಹಕನೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ಆದ್ದರಿಂದ ದೂರು ಕೊಟ್ಟ ಗಳಿಗೆಗೆ ಬಹಳ ಬೆಲೆಯಿದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಇಂತಹ ವಂಚನೆಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಕೊನೆಯದಾಗಿ ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಗುವಿನ ಕೈಯಿಂದ ತಪ್ಪು ಒತ್ತಿಹೋದರೆ ಹೊಡೆಯಬೇಡಿ, ಬೈಯಬೇಡಿ. ಹೆದರಿದ ಮಗು ವಿಷಯವನ್ನು ಬಚ್ಚಿಡುತ್ತದೆ. ಬಚ್ಚಿಟ್ಟ ಒಂದೊಂದು ಗಂಟೆಯೂ ಕಳ್ಳನಿಗೆ ಲಾಭ. 'ಏನಾದರೂ ಆದರೆ ಮೊದಲು ನನಗೆ ಹೇಳು' ಎಂದು ಇಂದೇ ಮಗುವಿಗೆ ತಿಳಿಸಿಡಿ.