ಜಾತ್ರೆಗೆ ಬಂದ ಪಾದ್ರಿಗಳು

ಧಾರವಾಡ ಸೀಮೆಯ ಶಿಕ್ಷಣದ ಚರಿತ್ರೆ ಬರೆಯಹೊರಟವರು ಬಾಸೆಲ್ ಮಿಶನ್ನಿನ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಆದರೆ ಶಾಲೆ ತೆರೆಯುವುದು ಆ ಜನರ ಮೊದಲ ಉದ್ದೇಶವಾಗಿರಲಿಲ್ಲ. ಊರೂರು ತಿರುಗಿ ಸುವಾರ್ತೆ ಸಾರುವುದೇ ಅವರು ಬಂದ ಕೆಲಸ.

1833ರ ಸನದು ಕಾಯಿದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿ ಸರಕಾರದ ಮುಲುಕನ್ನು ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಘಟ್ಟದ ಮೇಲೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ ಅವರ ನೆಲೆಗಳಾದವು. ಮಳೆಗಾಲದಲ್ಲಿ ನೆಲೆಯಲ್ಲಿದ್ದು ಭಾಷೆ ಕಲಿಯುವುದು, ಪಾಠ ಹೇಳುವುದು. ದಾರಿ ಒಣಗಿದ ಮೇಲೆ ಹಳ್ಳಿಗಳ ಸಂಚಾರ. ಎರೆ ನೆಲದಲ್ಲಿ ಚಕ್ಕಡಿ ಹೂತುಹೋಗುವುದನ್ನು ಬಲ್ಲ ನಮಗೆ ಈ ಏರ್ಪಾಟಿನ ಕಾರಣ ಹೇಳಬೇಕಿಲ್ಲ. ಕುದುರೆಯ ಮೇಲೋ ಕಾಲುನಡಿಗೆಯಲ್ಲೋ ಪಾದ್ರಿ, ಜೊತೆಗೆ ಇಲ್ಲಿಯವನೇ ಆದ ಉಪದೇಶಿ, ಹಿಂದೆ ಡೇರೆ ಮತ್ತು ಪುಸ್ತಕದ ಪೆಟ್ಟಿಗೆ. ಜನ ಸೇರುವ ಸಂತೆ, ಜಾತ್ರೆಗಳೇ ಅವರ ಗುರಿ. ಅಲ್ಲಿ ಉಪದೇಶಕ್ಕಿಂತ ವಾದವೇ ಹೆಚ್ಚು. ನಮ್ಮ ದೇವರುಗಳ ಬಗ್ಗೆ ಅವರಾಡುತ್ತಿದ್ದ ಮಾತು ಮೃದುವಾಗಿರಲಿಲ್ಲ. ಕೇಳಿದವರು ನೊಂದದ್ದೂ ಸಹಜ.

ಒಮ್ಮೆ ಮಾತ್ರ ಅವರ ಆಸೆ ಬಲವಾಗಿ ಚಿಗುರಿತ್ತು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಕೆಲವು ಜನರು ತಾವಾಗಿಯೇ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಅವರೆಲ್ಲ ಒಟ್ಟಾಗಿ ಕ್ರೈಸ್ತರಾಗುವರೆಂದು ನಂಬಿ ಗದಗಿನ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಮಾಡಿದರು. ಬರಬೇಕಾದವರು ಬರಲಿಲ್ಲ, ಯೋಜನೆ ಕೈಗೂಡಲಿಲ್ಲ. ದೀಕ್ಷಾಸ್ನಾನವೆಂದರೆ ಮನೆ, ಬಳಗ, ಕಸುಬು ಎಲ್ಲವನ್ನೂ ಒಂದೇ ದಿನ ಕಳೆದುಕೊಳ್ಳುವುದಾಗಿತ್ತು. ಹೀಗೆ ಹೊರಬಿದ್ದವರ ಹೊಟ್ಟೆಪಾಡಿಗಾಗಿಯೇ ಮಿಶನ್ನು ನೇಯ್ಗೆಗೆ ಕೈಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹೂಡಿತು.

ನಮ್ಮದು ಸರಕಾರಿ ಶಾಲೆಯಾದ್ದರಿಂದ ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಡಬಾರದು. 1856ರಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರಕಾರಿ ಶಾಲೆಗೆ ಸೇರಲು ಬಂದಾಗ ಅವನನ್ನು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರಕಾರದವರೆಗೆ ಹೋಯಿತು. ಅವನೊಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂಬ ಅಂಜಿಕೆಯಿಂದ ಸರಕಾರವೂ ಕೈಚೆಲ್ಲಿತು. ಸರಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕೆಂಬ ತತ್ವವನ್ನು ಕಂಪನಿಯ ನಿರ್ದೇಶಕರು ಅನಂತರ ಒಪ್ಪಿದರು, ಕಾಗದದ ಮೇಲೆ. ಜಾತಿಯನ್ನು ಎಣಿಸಬಾರದೆಂಬ ತತ್ವವನ್ನು ಹಿಡಿದಿದ್ದ ಮಿಶನ್ ಶಾಲೆಗಳ ಬೆಲೆ ತಿಳಿಯುವುದು ಇಲ್ಲಿ. ಆ ಶಾಲೆಗಳಲ್ಲಿ ಬೈಬಲ್ ಪಾಠವಿತ್ತು, ಮತಾಂತರದ ಬಯಕೆಯೂ ಇತ್ತು. ಎರಡನ್ನೂ ಸೇರಿಸಿಯೇ ಹೇಳಬೇಕು.

ಸಂಚಾರದ ಫಲ ಅವರು ಬಯಸಿದಂತೆ ಬರಲಿಲ್ಲ, ಈ ಭಾಗದಲ್ಲಿ ಕ್ರೈಸ್ತರಾದವರು ಕೆಲವರೇ. ಫಲ ಬಂದದ್ದು ಭಾಷೆಯಲ್ಲಿ. ಪುರಾಣಗಳನ್ನು ಖಂಡಿಸಲು ಬಂದವರ ಪೈಕಿ ಮೋಗ್ಲಿಂಗ್, 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಜನರ ಬಾಯಿಂದಲೂ ಹಳೆಯ ಕಾವ್ಯಗಳಿಂದಲೂ ಹೆಕ್ಕಿದ ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಹೊರಬಂತು.

1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಪಾದ್ರಿಗಳನ್ನು ಸರಕಾರ ಬಂಧನದಲ್ಲಿಟ್ಟು ಕೊನೆಗೆ ದೇಶದಿಂದಲೇ ಕಳಿಸಿತು. ಮುಂದೆ ಸಭೆಗಳನ್ನೂ ಶಾಲೆಗಳನ್ನೂ ಹೊತ್ತವರು, ಅಷ್ಟು ಕಾಲ ಡೇರೆಯ ಹಿಂದೆ ನಡೆದಿದ್ದ ನಮ್ಮವರೇ ಆದ ಉಪದೇಶಿಗಳು ಮತ್ತು ಮಾಸ್ತರರು.